ದೊಡ್ಡಾಕೆ ನೀನು, ತಡಕೊ

ನನಗೆ ಬಂದಿದ್ದ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೊಟ್ಟೆನೋವು ಅಂದರು, ಉಷ್ಣ ಅಂದರು, ಹೆಂಗಸರ ತೊಂದರೆ ಅಂದರು. ನಾನು ಹೇಳುತ್ತೇನೆ. ನನ್ನ ಗರ್ಭಕೋಶ ಜಾರಿತ್ತು. ಮೊದಮೊದಲು ಭಾರ ಎತ್ತಿದಾಗ ಮಾತ್ರ ಕೆಳಗೆ ಒತ್ತಿದಂತಾಗುತ್ತಿತ್ತು. ಆಮೇಲೆ ಹೊರಗೇ ಬಂತು. ಇದನ್ನು ಓದಿ ಮುಖ ಸಿಂಡರಿಸುವವರು ಇಲ್ಲಿಗೇ ನಿಲ್ಲಿಸಿಬಿಡಲಿ, ನಾನು ಬರೆಯುತ್ತಿರುವುದು ಅವರಿಗಲ್ಲ. ಸೀರೆಯೊಳಗೆ ಹಳೇ ಪಂಚೆಯ ಚೂರನ್ನು ಬಿಗಿದು ಕಟ್ಟಿಕೊಂಡು, ಕಾಲು ಅಗಲಿಸಿ ನಡೆಯುತ್ತ, ಕೇಳಿದವರಿಗೆ ಮಂಡಿನೋವು ಎಂದು ಹೇಳುತ್ತಿರುವ ಹೆಂಗಸು ಎಲ್ಲಾದರೂ ಇದ್ದರೆ ಅವಳಿಗೆ. ಅವಳಿಗೆ ಓದು ಬಾರದಿದ್ದರೆ, ಬಂದವರು ಓದಿ ಹೇಳಬೇಕು.

ನನ್ನ ಹೆಸರು ಹಾಲಮ್ಮ. ತವರು ನ್ಯಾಮತಿ ಕಡೆ, ಕೊಟ್ಟದ್ದು ಹೊನ್ನಾಳಿಗೆ. ಅಪ್ಪ ಮನೆಯಲ್ಲೇ ಅಕ್ಷರ ಕಲಿಸಿದ್ದರಿಂದ ಬರೆಯಲು ಬರುತ್ತದೆ. ಯಜಮಾನರದು ಜವಳಿ ಅಂಗಡಿ, ಜೊತೆಗೆ ಊರಿನಲ್ಲಿ ದೊಡ್ಡ ಮನುಷ್ಯರೆಂಬ ಹೆಸರು. ಅಣ್ಣತಮ್ಮಂದಿರು ಪಾಲಿಗೆ ಜಗಳವಾಡಿದರೆ, ಯಾರದೋ ಸೊಸೆ ತವರಿಗೆ ಹೋಗಿ ಕುಳಿತರೆ, ಜನ ನಮ್ಮ ಜಗುಲಿಗೆ ಬರುತ್ತಿದ್ದರು. ಯಜಮಾನರು ಯಾರ ಮೇಲೂ ರೇಗುತ್ತಿರಲಿಲ್ಲ. ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ, ಕೊನೆಗೆ ಎರಡು ಮಾತು ಹೇಳುತ್ತಿದ್ದರು. ‘ಎಂಥ ಮಾಗಿದ ಜೀವ’ ಎಂದು ಜನ ಕೈಮುಗಿದು ಹೋಗುತ್ತಿದ್ದರು. ಆ ಎರಡು ಮಾತು ಯಾವಾಗಲೂ, ಮನೆಯಲ್ಲಿ ಯಾರು ಮೆತ್ತಗಿದ್ದಾರೋ ಅವರೇ ತಡೆದುಕೊಳ್ಳಬೇಕು ಎಂದೇ ಆಗಿರುತ್ತಿತ್ತು. ಅದನ್ನು ಗಮನಿಸಿದ್ದು ಒಳಗೆ ಮಜ್ಜಿಗೆ ಕಡೆಯುತ್ತಿದ್ದ ನಾನೊಬ್ಬಳೇ ಇರಬೇಕು.

ಯುದ್ಧ ಶುರುವಾಗಿ ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಅಭಾವ ಬಂದಿದ್ದ ಕಾಲ. ನನಗೆ ಐವತ್ತೈದು ದಾಟಿತ್ತು. ಒಂದು ಬೆಳಿಗ್ಗೆ ಹೊಳೆಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಒಳಗಿನಿಂದ ಏನೋ ಕಳಚಿಕೊಂಡು ಕೆಳಗೆ ಇಳಿದ ಹಾಗಾಯಿತು. ಕೊಡ ಇಳಿಸಿ ಮೆಟ್ಟಿಲ ಮೇಲೇ ಕುಳಿತೆ. ಸತ್ತೇ ಹೋಗುತ್ತೇನೆ ಅನ್ನಿಸಿತು. ಸಾಯಲಿಲ್ಲ. ಎದ್ದು ಕೊಡ ಹೊತ್ತು ಮನೆಗೆ ಬಂದೆ. ಯಾಕೆ ಹೊತ್ತೆ ಎಂದು ಈಗ ಕೇಳಿಕೊಳ್ಳುತ್ತೇನೆ. ಅಲ್ಲೇ ಬಿಟ್ಟು ಬರಬಹುದಿತ್ತು.

ಊಟವಾದ ಮೇಲೆ ಯಜಮಾನರು ಎಲೆ ಅಡಿಕೆ ಹಾಕಿಕೊಳ್ಳಲು ಕುಳಿತಾಗ ಹತ್ತಿರ ಹೋಗಿ ಹೇಳಿದೆ.

“ಏನ್ರೀ, ನಂಗೆ ಕೆಳಗೆ ಏನೋ ಜಾರಿದಂಗಾಗೈತೆ. ನಡೆಯಾಕೆ ಕಷ್ಟ ಆಗ್ತೈತೆ. ಡಾಕ್ಟರಿಗೆ ತೋರಿಸ್ಬೇಕೇನೋ.”

ಅವರು ಸುಣ್ಣ ಹಚ್ಚುತ್ತಿದ್ದ ಕೈ ನಿಲ್ಲಿಸಿ ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಸೊಸೆ ಸರೋಜ ಪಾತ್ರೆ ಬೆಳಗುತ್ತಿದ್ದಳು.

“ಮೆಲ್ಲಗೆ ಮಾತಾಡು. ಮನೆಯಾಗೆ ಸೊಸೆ ಅದಾಳೆ. ಇಂಥದ್ನೆಲ್ಲ ಬಾಯಿಬಿಟ್ಟು ಹೇಳೋ ವಯಸ್ಸಾ ಇದು? ದೊಡ್ಡಾಕೆ ನೀನು, ತಡಕೊ. ತಾನೇ ಸರಿಹೋಗ್ತೈತೆ.”

ಆ ಮಾತು ನನಗೆ ಹೊಸದಾಗಿರಲಿಲ್ಲ. ಮದುವೆಯಾಗಿ ಬಂದಾಗ ನಾನಿನ್ನೂ ಹುಡುಗಿ. ಆದರೆ ಹಿರೀ ಸೊಸೆ, ಆದ್ದರಿಂದ ಅವತ್ತೇ ದೊಡ್ಡಾಕೆ. ಎರಡನೇ ಮಗು ಹುಟ್ಟಿದ ವಾರಕ್ಕೇ ತೀರಿಹೋದಾಗ ಅಳುತ್ತಿದ್ದ ನನಗೆ ಅತ್ತೆ ಹೇಳಿದ್ದರು: “ದೊಡ್ಡಾಕೆ ನೀನೇ ಹಿಂಗೆ ಅತ್ರೆ ಹೆಂಗವ್ವ, ಸಣ್ಣ ಸೊಸೆ ನೋಡಿ ಹೆದರ್ತಾಳೆ.” ವಯಸ್ಸಾಗುತ್ತ ಹೋದಂತೆ ಆ ಮಾತಿನ ತೂಕ ಹೆಚ್ಚಿತು, ಅಷ್ಟೇ. ದೊಡ್ಡತನ ಅಂದರೆ ನಮ್ಮ ಮನೆಯಲ್ಲಿ ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಇರುವುದು.

ಗಂಡಸರ ದೊಡ್ಡತನ ಬೇರೆ. ಅದೇ ವರ್ಷ ಯಜಮಾನರಿಗೆ ಮೂಲವ್ಯಾಧಿ ಕೆರಳಿತು. ಮನೆ ಕಿತ್ತುಹೋಗುವ ಹಾಗೆ ಕೂಗಾಡಿದರು. ಅವರಿಗೆ ಅಂಗಡಿಯ ಗಾದಿ ಬೇಡ, ಚಾಪೆ ಬೇಡ, ಅನ್ನ ಬೇಡ. ಸರೋಜ ಮನೆಯಲ್ಲಿರುವುದು ಆಗ ಅವರಿಗೆ ನೆನಪಾಗಲಿಲ್ಲ. ಮಗ ಶಿವಪ್ಪ ಅಂಗಡಿ ಮುಚ್ಚಿ ಅವರನ್ನು ಬಸ್ಸಿನಲ್ಲಿ ಜಿಲ್ಲೆಯ ದೊಡ್ಡ ಊರಿಗೆ ಕರೆದುಕೊಂಡು ಹೋದ. ವಾಪಸು ಬಂದಾಗ ಓಣಿಯ ಜನವೆಲ್ಲ ಮಜ್ಜಿಗೆ, ಬಾಳೆಹಣ್ಣು ಹಿಡಿದು ನೋಡಲು ಬಂದರು. ಜಗುಲಿಯ ಮೇಲೆ ದಿಂಬಿನ ಮೇಲೆ ದಿಂಬು ಹಾಕಿ ಕುಳಿತು, ಎಲ್ಲಿ ಉರಿ, ಎಲ್ಲಿ ರಕ್ತ ಎಂದು ಬಂದವರಿಗೆಲ್ಲ ವಿವರಿಸಿದರು. ‘ದೊಡ್ಡೋರು ನೀವು, ತಡಕೊಳ್ರಿ’ ಎಂದು ಒಬ್ಬರೂ ಹೇಳಲಿಲ್ಲ. ನಾನು ಒಳಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು, ಬಂದವರಿಗೆ ಕಾಫಿ ಕಾಯಿಸುತ್ತಿದ್ದೆ.

ನನಗೂ ಒಂದು ಔಷಧಿ ಬಂತು. ಯಜಮಾನರು ಯಾರೋ ಪಂಡಿತರ ಹತ್ತಿರ, ಮನೆಯಲ್ಲಿ ಒಬ್ಬರಿಗೆ ಉಷ್ಣ ಎಂದು ಹೇಳಿ ಪುಡಿ ತಂದಿದ್ದರು. ಯಾರಿಗೆ, ಏನು, ಎಲ್ಲಿ ಎಂದು ಪಂಡಿತರು ಕೇಳಲಿಲ್ಲ, ಇವರು ಹೇಳಲಿಲ್ಲ. ಹಾಲಿನಲ್ಲಿ ಕಲಸಿ ಕುಡಿದೆ. ಕುಡಿಯುತ್ತಲೇ ಇದ್ದೆ. ಕುಳಿತರೆ ಒತ್ತುತ್ತಿತ್ತು, ನಿಂತರೆ ಜಗ್ಗುತ್ತಿತ್ತು, ಸೀನಿದರೆ ಸೀರೆ ಒದ್ದೆ. ಒರೆಸಿಕೊಂಡು ಉಜ್ಜಿ ಉಜ್ಜಿ ಹುಣ್ಣಾಯಿತು. ಬಟ್ಟೆಗೆ ಅಭಾವವಿದ್ದ ಕಾಲದಲ್ಲಿ, ಜವಳಿ ಅಂಗಡಿಯವರ ಹೆಂಡತಿಯಾದ ನಾನು ಪಂಚೆಯ ಚೂರುಗಳನ್ನು ಕದ್ದು ಒಗೆದು, ಸೌದೆ ರಾಶಿಯ ಹಿಂದೆ ಯಾರಿಗೂ ಕಾಣದಂತೆ ಒಣಗಿಸುತ್ತಿದ್ದೆ.

ಅಷ್ಟರಲ್ಲಿ ಸರೋಜಳ ಮಗುವಿನ ನಾಮಕರಣಕ್ಕೆ ಯಜಮಾನರ ಅಕ್ಕ ಬಸಮ್ಮ ಬಿಳಿಚೋಡಿನಿಂದ ಬಂದರು. ಜಗಳೂರು ಸೀಮೆಯ ಒಣ ಬಿಸಿಲಿನಲ್ಲಿ ಕುರಿ, ಹೊಲ ಎರಡನ್ನೂ ನೋಡಿಕೊಂಡು ಮೂರು ಮಕ್ಕಳನ್ನು ಒಬ್ಬರೇ ಸಾಕಿದವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ನಮ್ಮ ಮನೆತನದಲ್ಲಿ ಹೆಂಗಸೆಂದರೆ ಹಾಗಿರಬೇಕು ಎಂದು ಎಲ್ಲರೂ ಅವರನ್ನೇ ತೋರಿಸುತ್ತಿದ್ದರು. ಯಜಮಾನರು ನನ್ನ ವಿಷಯವನ್ನು ಅವರ ಕಿವಿಗೆ ಹಾಕಿದ್ದರೆಂದು ಕಾಣುತ್ತದೆ. ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಹಾಲಮ್ಮ, ತಮ್ಮ ಹೇಳಿದ. ಹೆಣ್ಣು ಜಲ್ಮ ಅಂದ್ಮ್ಯಾಲೆ ಇವೆಲ್ಲ ಇರೋವೇ. ಯಾರಿಗಿಲ್ಲ? ವಯಸ್ಸಾದ್ಮ್ಯಾಲೆ ಮೈ ಮ್ಯಾಲಿನ ಆಸೆ ಬಿಡಬೇಕವ್ವ. ಯಾವನೋ ಡಾಕ್ಟ್ರ ಮುಂದೆ ಸೀರೆ ಎತ್ತೋದು ಏನು ಚೆಂದ? ಮಾಗ್ಬೇಕು ಮನುಷ್ಯ.”

“ಆಸೆ ಅಲ್ಲ ಅಕ್ಕ. ಹುಣ್ಣಾಗೈತೆ. ಉರೀತೈತೆ.”

“ಕೊಬ್ಬರಿ ಎಣ್ಣೆ ಹಚ್ಕೊ.”

ಹೇಳಿ, ಗೋಡೆ ಹಿಡಿದು ಎದ್ದು ಹೋದರು. ಆ ದಿನ ನನಗೆ ಅವರ ಮೇಲೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಅಂಥ ಗಟ್ಟಿ ಹೆಂಗಸಿನ ಮುಂದೆ ನಾನು ಎಳಸು ಎಂದುಕೊಂಡೆ. ಎಣ್ಣೆ ಹಚ್ಚಿಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ನ್ಯಾಮತಿಯಲ್ಲಿದ್ದ ಮಗಳು ಗಂಗಳ ಮನೆಗೆ ಹೋದೆ. ನೆಪ ಏನೋ ಇತ್ತು. ನಿಜವಾಗಿ, ಕೊಡ ಹೊರದೆ ನಾಲ್ಕು ದಿನ ಇರಬೇಕೆನ್ನಿಸಿತ್ತು. ಅಲ್ಲಿಗೆ ಹೋದ ಮಾರನೆಯ ದಿನ ಮೂತ್ರ ಕಟ್ಟಿಕೊಂಡಿತು. ಬೆಳಿಗ್ಗೆಯಿಂದ ಹಿತ್ತಲಿಗೆ ಹೋಗುತ್ತೇನೆ, ಬರುತ್ತೇನೆ, ಒಂದು ಹನಿ ಇಲ್ಲ. ಹೊಟ್ಟೆ ಕಲ್ಲಾಯಿತು. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗಿ ಮಗಳಿಗೆ ಹೇಳಿದೆ. ಅವಳ ಬಾಯಿಂದ ಮೊದಲು ಬಂದ ಮಾತು ಇದು:

“ಅವ್ವ, ಮೆಲ್ಲಗೆ. ನಮ್ಮತ್ತೆ ಕೇಳಿಸ್ಕೊಂಡ್ರೆ ಏನಂತಾರೆ?”

ನನ್ನ ಮಗಳು! ಎಲ್ಲಿ ಕಲಿತಳು? ನನ್ನಿಂದಲೇ ಕಲಿತಿರಬೇಕು. ಸೀರೆ ಸರಿಸಿ, “ನೋಡು” ಅಂದೆ. ನೋಡಿದಳು. ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿದಳು. ಆಮೇಲೆ ಏನಾಯಿತೋ, ಅತ್ತೆಗೆ ಕೇಳಿಸಲಿ ಬಿಡಲಿ, ನಡುಮನೆಗೆ ಹೋಗಿ ಗಂಡನನ್ನು ಕೂಗಿದಳು. “ಅವ್ವನ್ನ ಈಗ್ಲೇ ಆಸ್ಪತ್ರಿಗೆ ಕರ್ಕೊಂಡು ಹೋಗ್ಬೇಕು. ಏನು ಎತ್ತ ಅಂತ ಕೇಳ್ಬ್ಯಾಡ್ರಿ. ಬಸ್ಸು ನಿಲ್ಸಿ.”

ಅಳಿಯ ಏನೂ ಕೇಳಲಿಲ್ಲ. ರಸ್ತೆಗೆ ಓಡಿದ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ದಿನಗಳವು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನಡೆಯುತ್ತಿದ್ದರು. ನನಗೆ ಪ್ರತಿ ಕುಣಿಯೂ ಜೀವ ಹೋಗುವ ಹಾಗಿತ್ತು. ಸೀಟಿನ ಮೇಲೆ ಗಂಗಳ ತೊಡೆಯಲ್ಲಿ ತಲೆ ಇಟ್ಟು ಮಲಗಿದ್ದ ನನ್ನ ಕಡೆ ಡ್ರೈವರು ಒಮ್ಮೆ ತಿರುಗಿ ನೋಡಿ, ಆಮೇಲೆ ಕುಣಿ ತಪ್ಪಿಸಿ ತಪ್ಪಿಸಿ ಓಡಿಸಿದ. ಅವನಿಗೆ ಒಳ್ಳೆಯದಾಗಲಿ.

ಜಿಲ್ಲೆಯ ದೊಡ್ಡ ಊರಿನ ಆಸ್ಪತ್ರೆಯಲ್ಲಿ ನರ್ಸಮ್ಮ ನಳಿಕೆ ಹಾಕಿ ಮೂತ್ರ ತೆಗೆದಳು. ಆ ಸುಖವನ್ನು ಹೇಳಲು ಬಾರದು. ಅತ್ತುಬಿಟ್ಟೆ. ಆಮೇಲೆ ಲೇಡಿ ಡಾಕ್ಟರು ಬಂದರು. ಕನ್ನಡಕದ, ಗಡಸು ದನಿಯ, ಮಂಗಳೂರು ಕಡೆಯವರು. ಪರೀಕ್ಷೆ ಮಾಡುತ್ತ ಮಾಡುತ್ತ ಅವರ ಮುಖ ಕೆಂಪಾಯಿತು.

“ಇಷ್ಟು ದಿನ ಏನು ಮಾಡುತ್ತಿದ್ದಿರಿ? ಹುಣ್ಣು ಎಷ್ಟು ಕೆಟ್ಟಿದೆ ನೋಡಿ. ಬುದ್ಧಿ ಬೇಡವಾ ನಿಮಗೆ, ಇಷ್ಟು ವಯಸ್ಸಾಗಿದೆ!”

ನನ್ನೊಳಗೆ ಎಷ್ಟೋ ಕಾಲದಿಂದ ಕುದಿಯುತ್ತಿದ್ದದ್ದು ಅವತ್ತು ಉಕ್ಕಿತು. ಹೇಳಿದರೆ ವಯಸ್ಸಾಗಿದೆ, ಬಾಯಿ ಮುಚ್ಚು ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ವಯಸ್ಸಾಗಿದೆ, ಬುದ್ಧಿ ಇಲ್ಲವಾ ಅನ್ನುತ್ತಾರೆ.

“ತಡಕೊಂಡಿದ್ದೆ ಡಾಕ್ಟರಮ್ಮ. ಹೇಳಿದ್ದೆ, ತಡಕೊ ಅಂದ್ರು. ನೀವಾದ್ರೂ ಬೈಬ್ಯಾಡ್ರಿ. ಬೈಯೋದಾದ್ರೆ ಹೊನ್ನಾಳಿಗೆ ಹೋಗಿ ನಮ್ಮ ಜಗುಲಿ ಮ್ಯಾಲೆ ನಿಂತು ಬೈರಿ.”

ಅವರು ಹೋಗಿ ಕೈ ತೊಳೆದು ಬಂದು, ಸ್ಟೂಲು ಎಳೆದು ನನ್ನ ತಲೆದೆಸೆಯಲ್ಲಿ ಕುಳಿತರು. ದನಿ ತಗ್ಗಿಸಿ, ಮೊದಲು ಹುಣ್ಣು ಮಾಯಬೇಕು, ಆಮೇಲೆ ಆಪರೇಷನ್ ಮಾಡಿ ತೆಗೆದುಬಿಟ್ಟರೆ ಕಾಟ ತಪ್ಪುತ್ತದೆ, ಆದರೆ ಅಪಾಯವೂ ಇದೆ ಎಂದು ಬಿಡಿಸಿ ಹೇಳಿದರು. ನನ್ನ ಮೈಯ ಬಗ್ಗೆ ನನಗೆ ಒಬ್ಬರು ಕುಳಿತು ಹೇಳಿದ್ದು ಅದೇ ಮೊದಲು.

ಹುಣ್ಣು ಮಾಯುವವರೆಗೆ ವಾರ್ಡಿನಲ್ಲಿ ಕಾಯುವುದಾಯಿತು. ಪಕ್ಕದ ಮಂಚದಲ್ಲಿ ಚನ್ನಗಿರಿ ತಾಲ್ಲೂಕು ನಲ್ಲೂರಿನ ಮೆಹಬೂಬಿ ಇದ್ದಳು. ನನ್ನದೇ ವಯಸ್ಸು, ನನ್ನದೇ ಕಾಯಿಲೆ. ಗಂಡ ಬಳೆ ಮಾರುವವನು. ಬಳೆ ಮಲಾರದ ಹೊರೆಯನ್ನು ಮನೆಯಲ್ಲಿಟ್ಟು ಬಂದು, ಹಗಲೆಲ್ಲ ವಾರ್ಡಿನ ಹೊರಗಿನ ಬೇವಿನ ಮರದ ಕೆಳಗೆ ಕುಳಿತಿರುತ್ತಿದ್ದ. ಭೇಟಿಯ ಹೊತ್ತಿಗೆ ಒಳಗೆ ಬಂದು ಹೆಂಡತಿಯ ಮುಖ ನೋಡಿದ ತಕ್ಷಣ ಕಣ್ಣಲ್ಲಿ ನೀರು.

“ನೋಡ್ರಿ ಅಮ್ಮ, ಗಡ್ಡ ನೆರೆತೈತೆ, ಮಗು ಥರ ಅಳ್ತಾರೆ. ಮೊಮ್ಮಕ್ಳು ನಗ್ತಾವೆ ಅಂದ್ರೂ ಕೇಳಲ್ಲ” ಎಂದು ಮೆಹಬೂಬಿ ನನ್ನ ಕಡೆ ತಿರುಗಿ ದೂರಿದಳು.

“ಅಳ್ಲಿ ಬಿಡವ್ವ, ಅಳೋ ಗಂಡ ಸಿಕ್ಕೋದು ಕಷ್ಟ” ಅಂದೆ. ನಗುತ್ತಲೇ ಅಂದೆ. ಊರಿಗೆಲ್ಲ ಬುದ್ಧಿ ಹೇಳುವ ನಮ್ಮ ಯಜಮಾನರು ಇನ್ನೂ ಆಸ್ಪತ್ರೆಗೆ ಕಾಲಿಟ್ಟಿರಲಿಲ್ಲ.

ಬಂದದ್ದು ಮಗ ಶಿವಪ್ಪ. ಆಪರೇಷನ್‌ಗೆ ಮನೆಯವರ ಒಪ್ಪಿಗೆ ಬೇಕೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅವನು ಮಂಚದ ಹತ್ತಿರ ನಿಂತು ಟೋಪಿ ತಿರುಗಿಸುತ್ತ ನೆಲ ನೋಡಿದ.

“ಅವ್ವ, ಅಪ್ಪ ಏನ್ ಹೇಳಿದ್ರು ಅಂದ್ರೆ... ಈ ವಯಸ್ಸಿನಾಗೆ ಕೊಯ್ಸೋದು ಬ್ಯಾಡ, ಮನೆಗೆ ಕರ್ಕೊಂಡು ಬಾ ಅಂತ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ಏನಂತಾರೆ ಅಂತ.”

“ನೀನೇನಂತೀಯ?”

“ಅಪ್ಪ ಹೇಳಿದ್ಮ್ಯಾಲೆ ನಾನೇನು ಹೇಳ್ಲಿ?”

ನನಗೆ ಎದ್ದು ಕೂರುವ ಶಕ್ತಿ ಎಲ್ಲಿಂದ ಬಂತೋ ತಿಳಿಯದು.

“ಶಿವ, ನಿನ್ನ ಹೊತ್ತ ಚೀಲ ಕಣೋ ಅದು. ನಿನ್ನ ಹೊತ್ತು, ನಿನ್ನ ತಂಗೀನ ಹೊತ್ತು, ಉಳೀದೆ ಹೋದದ್ದನ್ನೂ ಹೊತ್ತು, ಅದರ ಮ್ಯಾಲೆ ನಿಮ್ಮ ಮನೆ ನೀರು ಹೊತ್ತು ಜೋತು ಬಿದ್ದೈತೆ. ಅದನ್ನ ಏನು ಮಾಡ್ಬೇಕು ಅಂತ ಹೇಳಾಕೆ ನಿಮ್ಮಪ್ಪ ಯಾರು? ನನಗೆ ರುಜು ಹಾಕಾಕೆ ಬರ್ತೈತೆ. ಕಾಗದ ತರ್ಸು.”

ಮೆಹಬೂಬಿ ಮುಸುಕಿನೊಳಗಿಂದ ಕಣ್ಣು ಬಿಟ್ಟು ನೋಡುತ್ತಿದ್ದಳು. ಶಿವಪ್ಪನ ಕಿವಿ ಕೆಂಪಾಯಿತು. ಹೊರಗೆ ಹೋದ. ಹಾಗೇ ಬಸ್ಸು ಹತ್ತಿಬಿಟ್ಟ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನ ಜೊತೆ ಬಂದ. ತಾನೇ ಸಹಿ ಹಾಕಿದ್ದ. ನನ್ನ ಕೈಯಲ್ಲೂ ಹಾಕಿಸಿದರು. ಅವನು ಆ ರಾತ್ರಿ ಊರಿಗೆ ಹೋಗಲಿಲ್ಲ. ಬಳೆಗಾರನ ಪಕ್ಕ ಬೇವಿನ ಮರದ ಕೆಳಗೆ ಟವೆಲ್ ಹಾಸಿಕೊಂಡ. ಎಷ್ಟೆಂದರೂ ನನ್ನ ಮಗ.

ಆಪರೇಷನ್ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ತಣ್ಣನೆಯ ಮೇಜು, ಮೂಗಿನ ಮೇಲೆ ಕ್ಲೋರೋಫಾರಂ ಬಟ್ಟೆ, ಸಿಹಿ ನಾತ. ದೇವರ ಹೆಸರು ಹೇಳಿಕೊಳ್ಳಿ ಅಂದರು. ಬಾಯಿ ತೆರೆದೆ. ಆಮೇಲೆ ಏನೂ ನೆನಪಿಲ್ಲ. ಎರಡು ದಿನ ಕಳೆದ ಮೇಲೆ ನರ್ಸಮ್ಮ ನಗು ತಡೆಯಲಾರದೆ ಕೇಳಿದಳು: “ರುದ್ರಪ್ಪ ಅಂದರೆ ಯಾರಮ್ಮ?”

ಮದುವೆಯಾದಾಗಿನಿಂದ ನಾನು ಬಾಯಲ್ಲಿ ತಂದಿರದ ಹೆಸರು ಅದು. ಜನಗಣತಿಯವರು ಬಂದಾಗಲೂ ಸೊಸೆಯಿಂದ ಹೇಳಿಸಿದ್ದೆ.

“ನಮ್ಮ ಯಜಮಾನರು. ಯಾಕವ್ವ?”

“ನಿದ್ದೆ ಬರುವವರೆಗೂ ಅವರನ್ನು ಹೆಸರು ಹಿಡಿದು ಬೈಯುತ್ತಿದ್ದಿರಿ. ಡಾಕ್ಟರು ಕೂಡ ನಕ್ಕರು.”

ಹೊಲಿಗೆ ಹಾಕಿದ್ದ ಜಾಗ ಚುರುಗುಟ್ಟುತ್ತಿದ್ದರೂ ನಾನೂ ನಕ್ಕೆ. ಮೆಹಬೂಬಿಯೂ ನಕ್ಕಳು. ನಗಬೇಡಿ, ಹೊಲಿಗೆ ಬಿಚ್ಚುತ್ತದೆ ಎಂದು ನರ್ಸಮ್ಮ ಗದರಿದಳು.

ಬಿಡುಗಡೆಯ ದಿನ ಯಜಮಾನರು ಬಂದರು. ಜರಿಯ ರುಮಾಲು, ಕೈಯಲ್ಲಿ ಕಿತ್ತಳೆ ಹಣ್ಣು. ಡಾಕ್ಟರಮ್ಮನಿಗೆ ಕೈ ಮುಗಿದು ಹೇಳಿದರು, “ನಮ್ಮಾಕೆಗೆ ಭಾಳ ತಾಳ್ಮೆ ತಾಯಿ. ಎಷ್ಟು ನೋವಾದ್ರೂ ಒಂದು ಮಾತು ಆಡ್ದೋಳಲ್ಲ.”

“ತಾಳ್ಮೆ ಅಲ್ರೀ ಅದು, ಹೆದರಿಕೆ” ಅಂದೆ, ಸೀರೆ ಮಡಿಚುತ್ತ.

ಡಾಕ್ಟರಮ್ಮ, ಇನ್ನು ಮೇಲೆ ಭಾರ ಎತ್ತಕೂಡದು, ಕೊಡ ಮುಟ್ಟಕೂಡದು ಎಂದು ಅವರಿಗೇ ಎರಡು ಸಲ ಹೇಳಿದರು. ಅವರು ತಲೆಯಾಡಿಸಿದರು.

ಮನೆಗೆ ಬಂದರೆ, ನೋಡಲು ಬಂದವರಿಗೆಲ್ಲ ಹೊಟ್ಟೆಯಲ್ಲಿ ಗಡ್ಡೆ ಎಂದು ಹೇಳಿಯಾಗಿತ್ತು. ಗಡ್ಡೆಗೆ ಮರ್ಯಾದೆ ಇದೆ. ಮೊದಲ ದಿನ ಸುಮ್ಮನಿದ್ದೆ. ಎರಡನೆಯ ದಿನ ಪಕ್ಕದ ಮನೆಯಾಕೆ, “ಎಷ್ಟು ದೊಡ್ಡದಿತ್ತು ಗಡ್ಡೆ?” ಎಂದು ಕೇಳಿದಾಗ, “ಗಡ್ಡೆ ಅಲ್ಲ, ಗರ್ಭಕೋಶ ಜಾರಿತ್ತು” ಅಂದೆ. ಜಗುಲಿಯ ಮೇಲೆ ಯಜಮಾನರು ಕೆಮ್ಮಿದರು. ಆಕೆ ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು, ತನ್ನ ಓರಗಿತ್ತಿಗೂ ಹಾಗೇ ಇದೆ, ಯಾವ ಆಸ್ಪತ್ರೆ ಎಂದು ಕೇಳಿದಳು. ಅವತ್ತಿನಿಂದ ಒಬ್ಬೊಬ್ಬರೇ ಬಂದರು. ಹಿಟ್ಟಿನ ಗಿರಣಿಗೆ ಹೋಗುವವರು, ಹೊಳೆಗೆ ಹೋಗುವವರು. ನನ್ನ ಹೆತ್ತವ್ವ ಕೂಡ ಸಾಯುವವರೆಗೂ ಕಾಲು ಅಗಲಿಸಿ ನಡೆಯುತ್ತಿದ್ದಳು, ವಾತ ಅನ್ನುತ್ತಿದ್ದಳು. ವಾತವಾಗಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಇಷ್ಟೊಂದು ಜನ! ಎಲ್ಲರೂ ದೊಡ್ಡಾಕೆಯರು.

ಮಾಗಿ ತಿಂಗಳಲ್ಲಿ ಬಸಮ್ಮ ಮತ್ತೆ ಬಂದರು. ಸರೋಜ ನೀರು ತರಲು ಹೋಗಿದ್ದಳು. ಬಂದವರೇ ಶುರು ಮಾಡಿದರು: “ಬಿಳಿಚೋಡಿನವರೆಗೂ ಸುದ್ದಿ ಬಂತಲ್ಲೇ ತಾಯಿ. ಗಂಡನ ಮಾತು ಮೀರಿ ಕೊಯ್ಸ್ಕೊಂಡ್ಳಂತೆ, ಬಂದವ್ರಿಗೆಲ್ಲ ಹೇಳ್ತಾಳಂತೆ. ಹಿರೇತನ ಅಂದ್ರೆ ಇದೇನಾ?” ಎನ್ನುತ್ತ ಗೋಡೆ ಹಿಡಿದು ಇಳಿದು ಒಂದು ಮಗ್ಗುಲಿಗೆ ವಾಲಿ ಕುಳಿತರು. ಕೂರುವಾಗ ಅವರ ಮುಖ ಹಿಂಡಿದ್ದನ್ನು ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನದೇ ಮುಖ.

“ಅಕ್ಕ, ಎಷ್ಟು ವರ್ಷದಿಂದ?”

“ಏನು ಎಷ್ಟು ವರ್ಷ?”

“ನಿಮ್ದು.”

ಬಾಗಿಲ ಕಡೆ ನೋಡಿದರು. ಆಮೇಲೆ ಆ ಗಟ್ಟಿ ಹೆಂಗಸು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಕಡೇ ಮಗ ಹುಟ್ಟಿದಾಗಿನಿಂದ” ಅಂದರು. ಕಡೇ ಮಗನಿಗೆ ಆಗಲೇ ಎರಡು ಮಕ್ಕಳು.

ನನಗೆ ಅವರ ಮೇಲೆ ಕರುಣೆ ಬರಬೇಕಿತ್ತು. ಬರಲಿಲ್ಲ. ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಅಪ್ಪಳಿಸಿದೆ. ಅಕ್ಕಿ ನಡುಮನೆಯೆಲ್ಲ ಚೆಲ್ಲಿತು.

“ನಿಮಗೂ ಐತೆ! ಇಟ್ಕೊಂಡು ನನಗೆ ಕೊಬ್ಬರಿ ಎಣ್ಣೆ ಹಚ್ಕೊ ಅಂದ್ರಲ್ಲ! ಮೈ ಮ್ಯಾಲಿನ ಆಸೆ ಬಿಡು ಅಂದ್ರಲ್ಲ! ನಾನು ಎಳಸು ಅಂತ ನಾಚಿಕೊಂಡು ಸತ್ತೆ ಅಕ್ಕ, ನಿಮ್ಮನ್ನ ನೋಡಿ!”

“ನನಗೆ ಹೇಳಿದ್ದನ್ನೇ ನಿನಗೂ ಹೇಳ್ದೆ ಕಣೇ” ಅಂದರು. “ಆವಾಗ ನಾನು ತಮ್ಮನ ಹತ್ರ ಬಂದು ಅತ್ತಿದ್ದೆ. ಗಂಡ ಇಲ್ಲದಾಕಿ, ಇನ್ಯಾರಿಗೆ ಹೇಳ್ಲಿ? ಡಾಕ್ಟ್ರು ಏನೋ ಮಾಡ್ತಾರಂತೆ ಅಂತ ಅವನೇ ಯಾರನ್ನೋ ಕೇಳ್ಕೊಂಡು ಬಂದ. ಆದ್ರೆ ವಿಧವೆ ಹೆಂಗ್ಸು ಇಂಥದ್ದಕ್ಕೆ ಆಸ್ಪತ್ರಿಗೆ ಹೋದ್ರೆ ಜನ ತಪ್ಪು ತಿಳೀತಾರೆ, ತಡಕೊ ಅಕ್ಕ ಅಂದ. ತಡಕೊಂಡೆ.”

ಯಜಮಾನರಿಗೆ ಗೊತ್ತಿತ್ತು. ಈ ಕಾಯಿಲೆಗೆ ಹೆಸರಿದೆ, ಇದಕ್ಕೆ ಮದ್ದಿದೆ ಎಂದು ಎಷ್ಟೋ ವರ್ಷಗಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ನನಗೆ ಪುಡಿ ತಂದುಕೊಟ್ಟಿದ್ದರು.

ಅವರು ಅಂಗಡಿಯಿಂದ ಊಟಕ್ಕೆ ಬಂದಾಗ ಅಕ್ಕಿ ಇನ್ನೂ ನೆಲದ ಮೇಲೇ ಬಿದ್ದಿತ್ತು. ಬಾಗಿಲಲ್ಲೇ ಕೇಳಿದೆ. ಸುಳ್ಳು ಹೇಳಲಿಲ್ಲ, ಅದೊಂದು ಹೇಳಬೇಕು. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತರು.

“ಏನು ಮಾಡ್ಬೇಕಿತ್ತು ನಾನು? ನಾಲ್ಕು ಜನ ಮಾತು ಕೇಳೋ ಮನುಷ್ಯ. ನಮ್ಮ ಮನೆ ಹೆಣ್ಮಕ್ಕಳ ವಿಷಯ ಆಸ್ಪತ್ರಿ ಜಗುಲಿ ಮ್ಯಾಲೆ ಬಂದ್ರೆ ನಾನು ಹೆಂಗೆ ತಲೆ ಎತ್ಲಿ?”

“ನಿಮ್ಮ ತಲೆ ಎತ್ತಾಕೆ ನಾವು ಕಾಲು ಅಗಲಿಸ್ಕೊಂಡು ನಡೀಬೇಕಿತ್ತಾ?”

ಅವರು ಕಣ್ಣು ಮುಚ್ಚಿದರು. ಆಗ ನನಗೆ ಹೊಳೆದದ್ದು, ಈ ಮನುಷ್ಯ ಮಾಗಿದವನಲ್ಲ, ಹೆದರಿದವನು. ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ನೋಡಲಾರದೆ. ನನ್ನ ಹೆದರಿಕೆ ನನ್ನ ಮೈ ಕೆಡಿಸಿತು. ಅವರ ಹೆದರಿಕೆ ನನ್ನ, ಅಕ್ಕನ ಇಬ್ಬರ ಮೈಯನ್ನೂ ಕೆಡಿಸಿತು.

ಅದೇ ವಾರ ಬಸಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬರಲಾರೆ ಎಂದು ಮೂರು ದಿನ ಹಟ ಹಿಡಿದರು. ನಾಲ್ಕನೆಯ ದಿನ ತಾವೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಗಂಗ ನ್ಯಾಮತಿಯಿಂದ ಬಂದು ಜೊತೆಯಾದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಎದೆಗೆ ನಳಿಕೆ ಇಟ್ಟು ಕೇಳಿ, ತಲೆಯಾಡಿಸಿದರು. ಎಪ್ಪತ್ತರ ಹತ್ತಿರದ ಮೈ, ಹೃದಯ ಬಲಹೀನ, ಆಪರೇಷನ್ ಸಾಧ್ಯವಿಲ್ಲ. ಮೊದಲೇ ಬಂದಿದ್ದರೆ ಆಗುತ್ತಿತ್ತು. ಈಗ ರಬ್ಬರಿನ ಬಳೆಯೊಂದನ್ನು ಒಳಗೆ ಕೂರಿಸಿ ಎತ್ತಿ ನಿಲ್ಲಿಸಬಹುದು, ಆಗಾಗ ಬಂದು ತೊಳೆಸಿಕೊಳ್ಳಬೇಕು ಅಂದರು.

“ಮೊದ್ಲೇ ಅಂದ್ರೆ ಯಾವಾಗ?” ಎಂದು ಬಸಮ್ಮ ಕೇಳಿದರು.

“ಹತ್ತು ವರ್ಷ ಮೊದಲು ಬಂದಿದ್ದರೂ ಮಾಡಬಹುದಿತ್ತು.”

ಬಸಮ್ಮ ಬಳೆ ಹಾಕಿಸಿಕೊಂಡು ಹೊರಗೆ ಬಂದರು. ಆಸ್ಪತ್ರೆಯ ಜಗುಲಿಯ ಮೇಲೆ ಕುಳಿತು, ಎಲ್ಲರ ಎದುರಿಗೆ, ಕುರಿ ಕಾಯುವಾಗ ಕಲಿತ ಬೈಗುಳಗಳನ್ನೆಲ್ಲ ತೆಗೆದು ತಮ್ಮನನ್ನು ಬೈದರು. ಗಂಗ ಗಾಬರಿಯಾಗಿ ಬಾಯಿ ಮುಚ್ಚಿಸಲು ಹೋದಳು. ನಾನು ಅವಳ ಕೈ ಹಿಡಿದುಕೊಂಡೆ.

ಈ ಮಾತಿಗೆ ಈಗ ಕೆಲವು ವರ್ಷವಾಯಿತು. ಯುದ್ಧ ಮುಗಿದು ಬಸ್ಸುಗಳಿಗೆ ಪೆಟ್ರೋಲ್ ಬಂದಿದೆ. ನಾನು ಚೆನ್ನಾಗಿದ್ದೇನೆ. ಮಳೆಗಾಲದಲ್ಲಿ ಹೊಲಿಗೆಯ ಜಾಗ ಒಮ್ಮೊಮ್ಮೆ ಸೆಳೆಯುತ್ತದೆ, ಅಷ್ಟೇ. ಕೊಡ ಮುಟ್ಟುವುದಿಲ್ಲ. ಯಜಮಾನರು ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಜಗುಲಿಗೆ ಜನ ಈಗಲೂ ಬರುತ್ತಾರೆ. ಅವರು ಯಾವ ಮನೆಯ ಹೆಂಗಸಿಗಾದರೂ ತಡಕೊ ಎಂದು ಹೇಳಲು ಹೊರಟರೆ ಮಾತ್ರ, ಒಳಗಿನಿಂದ ನಾನು ಪಾತ್ರೆ ಸದ್ದು ಮಾಡುತ್ತೇನೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ನನ್ನ ಸಿಟ್ಟು ಇಳಿದಿಲ್ಲ. ಇಳಿಯಬೇಕೆಂದು ನನಗನ್ನಿಸಿಲ್ಲ. ವಯಸ್ಸಾದವರು ಎಲ್ಲವನ್ನೂ ಕ್ಷಮಿಸಿ ಶಾಂತವಾಗಿರಬೇಕು ಎಂದು ಹೇಳುವವರು ಆ ಶಾಂತಿಯಿಂದ ಯಾರಿಗೆ ಲಾಭ ಎಂದು ಒಮ್ಮೆ ನೋಡಬೇಕು. ಓದುವ ಅಕ್ಕತಂಗಿಯರೇ, ನಿಮಗೆ ಹೀಗಾಗಿದ್ದರೆ ಇವತ್ತೇ ಹೇಳಿ. ಮನೆಯಲ್ಲಿ ಕೇಳದಿದ್ದರೆ ಮಗಳಿಗೆ ಹೇಳಿ, ಪಕ್ಕದ ಮನೆಯವಳಿಗೆ ಹೇಳಿ. ಒಂದಲ್ಲ ಒಂದು ಬಾಗಿಲು ತೆರೆಯುತ್ತದೆ. ತೆರೆಯದಿದ್ದರೆ ಹೊನ್ನಾಳಿಗೆ ಬನ್ನಿ, ನಾನು ಜೊತೆಗೆ ಬರುತ್ತೇನೆ.

ಬಸಮ್ಮನನ್ನು ಆಸ್ಪತ್ರೆಯಿಂದ ಕರೆತಂದ ದಿನದ್ದೊಂದು ಹೇಳಿ ಮುಗಿಸುತ್ತೇನೆ. ಬಸ್ಸು ಇಳಿಯುವಾಗ ಯಜಮಾನರು ಬಂದು ಕೈ ಚಾಚಿದರು. ಅಕ್ಕ ಆ ಕೈ ಹಿಡಿಯಲಿಲ್ಲ, ತಾವೇ ಇಳಿದರು. ಮನೆಗೆ ಬಂದರೂ ನಾವಿಬ್ಬರೂ ಅವರೊಡನೆ ಮಾತಾಡಲಿಲ್ಲ. ಕೊನೆಗೆ ಅವರೇ ತಡೆಯ‌ಲಾರದೆ, “ಇಬ್ರೂ ಸೇರಿ ಹಿಂಗೆ ಸಿಟ್ಟಾದ್ರೆ ಹೆಂಗೆ? ಈ ವಯಸ್ಸಿನಾಗೆ ಮನುಷ್ಯರು ಮಾಗ್ಬೇಕು” ಅಂದರು.

“ಮಾಗೀವಪ್ಪ ರುದ್ರ” ಅಂದರು ಬಸಮ್ಮ. “ಅದಕ್ಕೇ ಈಗ ಬಾಯಿ ಬಂದೈತೆ.”

ಹೇಳಿ, ಗೋಡೆ ಹಿಡಿಯದೆ, ನಡುಮನೆಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಅವರು ಹಾಗೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಸರೋಜಳನ್ನು ಕೂಗಿ, ಹಸಿವಾಗಿದೆ, ರೊಟ್ಟಿ ತಾ ಅಂದರು.